ಪೆಟ್ಟಿಗೆಗೆ ಯಾವ ರಿಮೂವರ್?

ನಮ್ಮ ಮನೆಯ ಮರದ ಪೆಟ್ಟಿಗೆಯ ಬಣ್ಣ ನೋಡಿದರೆ ಆ ವರ್ಷ ಅಪ್ಪನ ಗ್ಯಾರೇಜಿಗೆ ಎಂಥ ಕಾರು ಬಂದಿತ್ತು ಎಂದು ಹೇಳಬಹುದಿತ್ತು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅದು ಬೆಳ್ಳಗಿತ್ತು. ಎರಡನೇ ಕ್ಲಾಸಿನಲ್ಲಿ ಆಕಾಶನೀಲಿಯಾಯಿತು. ಮೂರನೆಯದರಲ್ಲಿ ಯಾರೋ ಬಿಲ್ಡರನ ಗಾಡಿಯ ಕೃಪೆಯಿಂದ ಬೆಳ್ಳಿಯ ಹಾಗೆ ಮಿಂಚತೊಡಗಿತು. ಆ ವರ್ಷ ನಮ್ಮ ಚಾಳಿನ ಮಕ್ಕಳೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹಲ್ಲು ಕಿಸಿದು ಮುಖ ನೋಡಿಕೊಳ್ಳುತ್ತಿದ್ದರು. ನಾವಿದ್ದದ್ದು ಮುಂಬಯಿಯ ಪಕ್ಕ ಕಳವಾ ಎಂಬಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ ಖಾಡಿಯ, ಅಂದರೆ ಹಿನ್ನೀರಿನ, ಆಚೆ ಠಾಣೆಯ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಚೌತಿಗೆ ಮೊದಲು ಮನೆಗೆ ಬಣ್ಣ ಹೊಡೆಯುವುದು ಚಾಳಿನಲ್ಲಿ ಎಲ್ಲರ ಪದ್ಧತಿ. ಉಳಿದವರು ಗೋಡೆಗೆ ಹೊಡೆದು ಸುಮ್ಮನಾಗುತ್ತಿದ್ದರು. ಅಪ್ಪ ಮಾತ್ರ ಗ್ಯಾರೇಜಿನ ಡಬ್ಬಿಗಳ ತಳದಲ್ಲಿ ಉಳಿದದ್ದನ್ನು ತಂದು ಪೆಟ್ಟಿಗೆಗೂ ಒಂದು ಕೈ ಹೊಡೆಯುತ್ತಿದ್ದರು. ಅದು ಅಮ್ಮ ಮದುವೆಯಾಗಿ ಊರಿನಿಂದ ತಂದ ಪೆಟ್ಟಿಗೆ. ಅದರೊಳಗೆ ಅಮ್ಮನ ಒಳ್ಳೆಯ ಸೀರೆಗಳು, ನನ್ನ ಮಾರ್ಕ್ಸ್ ಕಾರ್ಡು, ಊರಿನಿಂದ ಬಂದ ಹಪ್ಪಳ. ಅದರ ಮೇಲೆ ನಾನು, ನನ್ನ ಪುಸ್ತಕ, ಒಮ್ಮೊಮ್ಮೆ ಗಂಜಿಯ ಬಟ್ಟಲು. ಬೇಸಿಗೆ ರಜೆಯಲ್ಲಿ ಅಮ್ಮ ನನಗೆ ಕನ್ನಡ ಅಕ್ಷರ ಕಲಿಸಿದ್ದೂ ಅದರ ಮೇಲೆಯೇ ಕೂರಿಸಿ. ನನ್ನದು ಹಿಂದಿ, ಮರಾಠಿ ಓಡಾಡುವ ಶಾಲೆ. ಮನೆಯಲ್ಲಿ ಅಪ್ಪ ಅಮ್ಮ ತುಳು, ಕನ್ನಡ ಏನೇ ಮಾತಾಡಿದರೂ ನಾನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಅದಕ್ಕೆ ಅಮ್ಮನಿಗೆ ಸಿಟ್ಟು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಊರಿನಿಂದ ಮಾವನ ಫೋನ್ ಬಂತು. ಅಜ್ಜನ, ಅಂದರೆ ಅಮ್ಮನ ಅಪ್ಪನ, ಕಣ್ಣಿಗೆ ಪೊರೆ ಬಂದಿದೆ, ಠಾಣೆಯಲ್ಲಿ ಆಪರೇಶನ್ ಮಾಡಿಸಿ ಎಂದು. ಅಜ್ಜ ಬಡಗಿ. ಬ್ರಹ್ಮಾವರದ ಆಚೆ ಒಂದು ಹಳ್ಳಿಯಲ್ಲಿ ಅವರ ಕೆಲಸದ ಕೊಟ್ಟಿಗೆ. ಮಗಳ ಮದುವೆಯಾಗಿ ಅಷ್ಟು ವರ್ಷವಾದರೂ ಅವರು ಒಮ್ಮೆಯೂ ನಮ್ಮ ಮನೆಗೆ ಬಂದಿರಲಿಲ್ಲ. ಫೋನ್ ಇಟ್ಟವಳೇ ಅಮ್ಮ ನೋಡಿದ್ದು ಪೆಟ್ಟಿಗೆಯ ಕಡೆಗೆ.

“ಅಪ್ಪ ಬರ್ತಾರಂತೆ. ಇದನ್ನು ನೋಡಿದ್ರೆ ಎಂಥ ಹೇಳಿಯಾರು?”

“ಎಂಥ ಹೇಳೂದು? ಚಂದ ಉಂಟಲ್ಲ,” ಎಂದರು ಅಪ್ಪ.

“ಚಂದವಾ! ನನ್ನ ಅಪ್ಪ ಮುಚ್ಚಳದಲ್ಲಿ ಕೊರೆದ ಹೂವಿಗೆ ನೀವು ಗಾಡಿಯ ಪುಟ್ಟಿ ಮೆತ್ತಿ ಸಪಾಟು ಮಾಡಿದ್ದೀರಿ. ಇಷ್ಟು ವರ್ಷ ಬಾಯಿ ಮುಚ್ಚಿ ಕೂತೆ. ಅವರು ಬರೂದರ ಒಳಗೆ ನಂಗೆ ಮರ ಕಾಣ್ಬೇಕು. ಅಷ್ಟೇ.”

ಅಮ್ಮ ಬಾಯಿ ಮುಚ್ಚಿ ಕೂತದ್ದನ್ನು ನಾನಂತೂ ನೋಡಿದವಳಲ್ಲ. ಆದರೆ ಈ ಒಂದು ವಿಷಯದಲ್ಲಿ ಅವಳು ಅಲ್ಲಿಯವರೆಗೆ ಏನೂ ಹೇಳಿರಲಿಲ್ಲ ಎಂಬುದು ನಿಜ. ಅಪ್ಪನಿಗೆ ಪಾಪ, ಪೆಟ್ಟಿಗೆಗೆ ಬಣ್ಣ ಹೊಡೆಯುವುದು ತಪ್ಪು ಎಂಬುದೇ ಗೊತ್ತಿರಲಿಲ್ಲ. ತಗ್ಗು ಕಂಡರೆ ಪುಟ್ಟಿ ತುಂಬುವುದು, ಉಬ್ಬು ಕಂಡರೆ ಉಜ್ಜುವುದು, ಆಮೇಲೆ ಹೊಳೆಯುವಂತೆ ಬಣ್ಣ ಹೊಡೆಯುವುದು ಅವರ ಕೈಗೆ ಹತ್ತಿದ ವಿದ್ಯೆ. ಹೆಂಡತಿಯ ಪೆಟ್ಟಿಗೆಯ ಹೂವನ್ನೂ ಅವರು ಕಾರಿನ ಬಾಗಿಲಿಗೆ ಬಿದ್ದ ಪೆಟ್ಟು ಎಂದುಕೊಂಡೇ ಸರಿಮಾಡಿದ್ದರು, ಅದೂ ಪ್ರೀತಿಯಿಂದ. ಅಮ್ಮನಿಗೆ ಆ ಪೆಟ್ಟಿಗೆ ಎಂದರೆ ಬೇರೆಯೇ. ನಾಲ್ಕು ಹೆಣ್ಣುಮಕ್ಕಳಲ್ಲಿ ಅವಳು ಮೂರನೆಯವಳು. ಅಜ್ಜ ಜೀವನವಿಡೀ ಊರವರ ಮಂಚ, ತೊಟ್ಟಿಲು, ಬಾಗಿಲು ಮಾಡಿದ್ದೇ ಹೊರತು ಸ್ವಂತ ಮನೆಗೆ ಒಂದು ಮಣೆ ಮಾಡಿದವರಲ್ಲವಂತೆ. ದೊಡ್ಡಮ್ಮಂದಿರಿಬ್ಬರೂ ಗಂಡನ ಮನೆಗೆ ತಗಡಿನ ಟ್ರಂಕು ಹಿಡಿದು ಹೋದವರು. ಅಮ್ಮನಿಗೆ ಮಾತ್ರ ಹಲಸಿನ ಮರದ ಈ ಪೆಟ್ಟಿಗೆ ಸಿಕ್ಕಿತು. ಅಜ್ಜ ಕೊಟ್ಟಿಗೆಯಲ್ಲಿ ಕೂತು ಆ ಹೂವು ಕೊರೆಯುವುದನ್ನು ಅವಳು ದಿನಾ ನೋಡುತ್ತಿದ್ದಳಂತೆ. ಯಾರಿಗೆ ಎಂದು ಕೇಳಿದರೆ ಅಜ್ಜ ಹೇಳುತ್ತಿರಲಿಲ್ಲವಂತೆ. ಕೊನೆಗೆ ಅದು ಬಂದದ್ದು ತನಗೆ. ಈ ಕತೆಯನ್ನು ಅಮ್ಮ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಹೇಳುವಾಗೆಲ್ಲ ಕೊನೆಯ ಮಾತು ಒಂದೇ:

“ಅಪ್ಪ ಬಾಯಿಬಿಟ್ಟು ಪ್ರೀತಿ ಮಾಡಿದವರಲ್ಲ ಮಗಾ. ಆದ್ರೆ ನಂಗೊಬ್ಬಳಿಗೇ ಇದನ್ನು ಮಾಡಿದ್ದು.”

ಬಣ್ಣ ಹೊಡೆಯುವವರಿಗೆ ಬಣ್ಣ ತೆಗೆಯುವುದೂ ಗೊತ್ತಿರುತ್ತದೆ ಎಂದು ನಾನು ನಂಬಿದ್ದೆ. ಅಪ್ಪನೂ ಹಾಗೆಯೇ ನಂಬಿದ್ದರು ಎಂದು ಕಾಣುತ್ತದೆ. ಕಾರಿನ ತಗಡಾದರೆ ಅವರಿಗೆ ನೀರು ಕುಡಿದಷ್ಟು ಸುಲಭ. ರಿಮೂವರ್ ಬಳಿಯುವುದು, ಬಣ್ಣ ಗುಳ್ಳೆಯೆದ್ದ ಮೇಲೆ ತಗಡಿನ ಪತ್ತಿಯಿಂದ ಕೆರೆಯುವುದು, ಪೈಪು ಹಿಡಿದು ನೀರು ಬಿಡುವುದು. ಆದರೆ ಮರಕ್ಕೆ? ಭಾನುವಾರ ನನ್ನನ್ನೂ ಕರೆದುಕೊಂಡು ಸ್ಟೇಶನ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋದರು. ರಿಮೂವರ್ ಬೇಕು ಎಂದಾಗ ಅಂಗಡಿಯವನು ತಲೆಯೆತ್ತದೆ ಕೇಳಿದ:

“ಗಾಡಿ ಕೇ ಲಿಯೇ ಯಾ ಲಕಡಿ ಕೇ ಲಿಯೇ?”

ಅಪ್ಪ ತಡವರಿಸಿದರು. ಇದ್ದದ್ದು ಮರ, ಮೇಲಿದ್ದದ್ದು ಗಾಡಿಯ ಬಣ್ಣ. ಎರಡೂ ಎಂದರು. ಅಂಗಡಿಯವನು ಈಗ ತಲೆಯೆತ್ತಿ, ಲಕಡಿಯ ಮೇಲೆ ಗಾಡಿಯ ಬಣ್ಣ ಹೊಡೆದ ಪಾಗಲ್ ಯಾರು ಎಂದು ಕೇಳಿದ. ಅಪ್ಪ ನನ್ನ ಮುಖ ನೋಡಿದರು. ನಾನು ಡಬ್ಬಿಗಳನ್ನು ನೋಡಿದೆ. ಏನೂ ಕೊಳ್ಳದೆ ಬಂದೆವು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಗೊಂದಲ. ಗ್ಯಾರೇಜಿನ ಮಾಲೀಕ, ರಿಮೂವರೇ ಬೇಡ, ಪಾಲಿಶ್ ಪೇಪರ್ ಹಿಡಿದು ಉಜ್ಜು ಎಂದನಂತೆ. ಉಜ್ಜಿದರೆ ಪುಟ್ಟಿಯ ಜೊತೆಗೆ ಅಜ್ಜನ ಹೂವೂ ಹೋಗುತ್ತದೆ ಎಂದು ಅಮ್ಮ ಕೂಗಾಡಿದಳು. ಶಹಾಡಿನಲ್ಲಿ ಭಾಸ್ಕರಣ್ಣ ಎಂಬ ಕಾರ್ಕಳದವರೊಬ್ಬರು ಹಳೆಯ ಮೇಜು ಕುರ್ಚಿಗಳಿಗೆ ಪಾಲಿಶ್ ಮಾಡುತ್ತಿದ್ದರು. ಅಪ್ಪ ಅವರಲ್ಲಿಗೂ ಹೋದರು. ಭಾಸ್ಕರಣ್ಣ, ಗಾಡಿಯ ರಿಮೂವರ್ ಮರಕ್ಕೆ ವಿಷ, ಕಾಸ್ಟಿಕ್ ಸೋಡಾ ಕಲಸಿ ಬಳಿಯಿರಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ ಎಂದರು. ಅಂಗಡಿಯವನನ್ನು ಮತ್ತೆ ಕೇಳಿದರೆ ಅವನು ಸೋಡಾ ಬೇಡವೇ ಬೇಡ ಎಂದ. ರಾತ್ರಿ ಊಟಕ್ಕೆ ಕೂತರೆ ಬಂಗುಡೆ ಸಾರಿನ ಬಗ್ಗೆ ಮಾತಿಲ್ಲ, ಸೋಡಾ ಮತ್ತು ರಿಮೂವರಿನದೇ ಮಾತು. ದಿನಕ್ಕೊಂದು ನಿರ್ಧಾರ. ಕಾರಿನ ಬಂಪರಿಗೆ ಒಮ್ಮೆ ಯಾರೋ ತಿಳಿಯದೆ ರಿಮೂವರ್ ಬಳಿದು ಪ್ಲಾಸ್ಟಿಕ್ಕು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುರಿಹೋದದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದರು. ಅದನ್ನು ಹೇಳಬಾರದಿತ್ತು, ಹೇಳಿಬಿಟ್ಟರು. ಅಮ್ಮ ಊಟ ಬಿಟ್ಟು ಎದ್ದಳು.

“ನಿಮಗೆ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳಿ ಮಾರಾಯ್ರೆ. ನನ್ನ ಅಪ್ಪನ ಕೆಲಸದ ಮೇಲೆ ಪರೀಕ್ಷೆ ಮಾಡ್ಬೇಡಿ.”

“ಗೊತ್ತುಂಟು, ಗೊತ್ತುಂಟು. ಸ್ವಲ್ಪ ತಡಿ,” ಎಂದರು ಅಪ್ಪ. ಗೊತ್ತಿಲ್ಲ ಎನ್ನುವುದು ಅವರ ಹೊಟ್ಟೆಯೊಳಗೆ ಇತ್ತು, ಬಾಯಿಗೆ ಬರಲಿಲ್ಲ. ಗ್ಯಾರೇಜಿನಲ್ಲಿ ಬಣ್ಣದ ವಿಷಯಕ್ಕೆ ಎಲ್ಲರೂ ಬಂದು ಕೇಳುತ್ತಿದ್ದದ್ದು ಅವರನ್ನು.

ಕೊನೆಗೆ ಅವರು ಮಾಡಿದ್ದು ಬುದ್ಧಿವಂತರ ಕೆಲಸ. ಪೆಟ್ಟಿಗೆಯನ್ನು ಚಾಳಿನ ಗ್ಯಾಲರಿಗೆ ಎಳೆದು, ಮಗುಚಿ, ಯಾರಿಗೂ ಕಾಣದ ಅಡಿಭಾಗದಲ್ಲಿ ಒಂದು ಕಡೆ ಸೋಡಾ, ಇನ್ನೊಂದು ಕಡೆ ಗಾಡಿಯ ರಿಮೂವರ್ ಹಚ್ಚಿ ನೋಡಿದರು. ಸೋಡಾ ಬಿದ್ದಲ್ಲಿ ಹಲಸಿನ ಮರ ಕಪ್ಪಿಟ್ಟಿತು. ರಿಮೂವರ್ ಬಿದ್ದಲ್ಲಿ ಬೆಳ್ಳಿ, ನೀಲಿ, ಬಿಳಿ ಎಲ್ಲ ಒಂದಾದ ಮೇಲೊಂದು ಉಬ್ಬಿ ಎದ್ದವು, ಕೆಳಗೆ ಅರಿಸಿನ ಬಣ್ಣದ ಮರ ಕಂಡಿತು. ಮರಕ್ಕೆ ನೀರು ಬಿಟ್ಟರೆ ಊದಿಕೊಳ್ಳುತ್ತದೆ, ಅಂಟು ಬಿಡುತ್ತದೆ ಎಂದು ಅಪ್ಪ ತಾವೇ ಯೋಚಿಸಿ, ನೀರಿನ ಬದಲು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಆಮೇಲೆ ಎರಡು ಭಾನುವಾರ ಅವರಿಗೆ ಅದೇ ಕೆಲಸ. ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಅಮ್ಮನ ಹಳೆಯ ಸೀರೆಯ ತುಂಡು. ಬದಿಗಳು, ಹಿಂಭಾಗ ಮುಗಿಸಿ ಮುಚ್ಚಳಕ್ಕೆ ಬಂದರು. ಹೂವಿನ ದಳದ ಸಂದಿಯ ಪುಟ್ಟಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತಿಕ್ಕಿ ತೆಗೆದರು. ಎರಡನೇ ಭಾನುವಾರ ಸಂಜೆಗೆ ಹೂವು ಬಂತು. ನಾನು ಅದುವರೆಗೆ ಅದನ್ನು ನೋಡಿಯೇ ಇರಲಿಲ್ಲ. ದೊಡ್ಡ ತಾವರೆ, ಅದರ ಪಕ್ಕದಲ್ಲಿ ಎರಡು ಮೊಗ್ಗು. ಅಮ್ಮ ಬಂದು ಬೆರಳಿನಿಂದ ಒಂದೊಂದೇ ದಳ ಸವರಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಅಪ್ಪನಿಗೆ ಎರಡು ಚಮಚ ಸಕ್ಕರೆ ಹಾಕಿ ಚಾ ಮಾಡಿಕೊಟ್ಟಳು. ಅಪ್ಪನ ಮುಖದಲ್ಲಿ ಆ ದಿನ ಇದ್ದ ಸಂತೋಷವನ್ನು ನಾನು ಮರೆತಿಲ್ಲ.

ಉಳಿದದ್ದು ಮುಂಭಾಗದ ಹಲಗೆ ಒಂದೇ. ಮುಂಭಾಗದಲ್ಲಿ ಕೆತ್ತನೆ ಏನೂ ಇಲ್ಲ, ಅದು ಸುಲಭ ಎಂದು ಅಮ್ಮನೇ ಹೇಳಿದ್ದಳು. ಮುಂದಿನ ಭಾನುವಾರ ಅವಳಿಗೆ ಡೊಂಬಿವಲಿಯಲ್ಲಿ ಒಂದು ಸೀಮಂತ. ಬೆಳಗಿನ ಲೋಕಲ್ ರೈಲು ಹಿಡಿದು ಹೋದಳು. ಅಜ್ಜ ಬರುವುದಕ್ಕೆ ನಾಲ್ಕೇ ದಿನವಿತ್ತು. ಅಪ್ಪ ರಿಮೂವರ್ ಬಳಿದರು, ನಾನು ದೂರ ನಿಂತು ಗುಳ್ಳೆ ಏಳುವುದನ್ನು ನೋಡುತ್ತಿದ್ದೆ. ಬೆಳ್ಳಿ ಹೋಯಿತು, ನೀಲಿ ಹೋಯಿತು, ಬಿಳಿ ಹೋಯಿತು. ಅಪ್ಪ ಪತ್ತಿಯಿಂದ ಕೆರೆಯುತ್ತಿದ್ದವರು ನಿಂತರು. ಹಲಗೆಯ ನಡುವೆ ಕಂದು ಬಣ್ಣದ ಏನೋ ಮೆತ್ತಗಾಗಿ ಅಂಟಂಟಾಗಿ ಎದ್ದು ಬರುತ್ತಿತ್ತು. ಬೆರಳಿಗೆ ತಗೊಂಡು ಉಜ್ಜಿ ನೋಡಿದರು. ಅರಗು, ಅದರೊಳಗೆ ಮರದ ಹುಡಿ.

“ಇದು ನನ್ನ ಪುಟ್ಟಿ ಅಲ್ಲ,” ಎಂದರು.

ಗಾಡಿಗಳಲ್ಲಿ ಅಪ್ಪ ಇದನ್ನು ದಿನಾ ನೋಡಿದವರು. ಹೊಸದರ ಹಾಗೆ ಹೊಳೆಯುವ ಹಳೇ ಕಾರಿಗೆ ರಿಮೂವರ್ ಹಾಕಿದರೆ ಒಳಗಿನ ಪುಟ್ಟಿ ಎದ್ದು ಬಂದು, ಅದು ಹಿಂದೆ ಎಲ್ಲಿ ಗುದ್ದಿಸಿಕೊಂಡಿತ್ತು ಎಂಬುದು ಕಾಣಿಸುತ್ತದೆ. ಮಾಲೀಕನಿಗೇ ಗೊತ್ತಿರುವುದಿಲ್ಲ. ಅಪ್ಪ ಬಟ್ಟೆಯಿಂದ ನಿಧಾನವಾಗಿ ಒರೆಸಿದರು. ಹಲಗೆಯಲ್ಲಿ ಉಳಿಯಿಂದ ಕೊರೆದ ಮೂರು ಅಕ್ಷರ ಕಂಡವು. ನನಗೆ ಓದಲು ಬರುತ್ತದೆಂದು ತೋರಿಸುವ ಉತ್ಸಾಹ. ಬಗ್ಗಿ, ಜೋಡಿಸಿ, ಗಟ್ಟಿಯಾಗಿ ಓದಿದೆ.

“ಸು... ಮ... ತಿ. ಸುಮತಿ! ಅಪ್ಪ, ಯೇ ಕೌನ್ ಹೈ?”

ಅಮ್ಮನ ಹೆಸರು ವಾರಿಜ. ದೊಡ್ಡಮ್ಮಂದಿರು, ಚಿಕ್ಕಮ್ಮ ಯಾರಿಗೂ ಸುಮತಿ ಎಂಬ ಹೆಸರಿಲ್ಲ. ಅಪ್ಪ ಗ್ಯಾಲರಿಯ ಕಟಕಟೆಗೆ ಒರಗಿ ತುಂಬ ಹೊತ್ತು ಕೂತರು. ಕೆಳಗೆ ರೈಲು ನಿಲ್ಲಿಸುವ ಕಾರ್‌ಶೆಡ್ಡಿನ ಕಡೆ ಖಾಲಿ ಲೋಕಲ್ ಒಂದು ಹೋಯಿತು. ಆಮೇಲೆ ಎದ್ದು ಒಳಗೆ ಹೋಗಿ ಪುಟ್ಟಿಯ ಡಬ್ಬಿ ತಂದರು. ಆ ಮೂರು ಅಕ್ಷರಗಳಿಗೂ ಪುಟ್ಟಿ ತುಂಬಿದರು. ಒಣಗಿದ ಮೇಲೆ ಉಜ್ಜಿದರು. ಪ್ರೈಮರ್ ಹೊಡೆದು, ಆ ವರ್ಷದ ಚೌತಿಗೆಂದು ಎತ್ತಿಟ್ಟಿದ್ದ ಮರೂನ್ ಬಣ್ಣ ಹೊಡೆದರು. ಊಟ ಕೂಡ ಮಾಡಲಿಲ್ಲ. ಕೈ ತೊಳೆಯುವಾಗ ನನ್ನನ್ನು ಕರೆದು ಹೇಳಿದರು:

“ಮಗಾ, ನೀನು ಎಂಥದ್ದೂ ಓದ್ಲಿಲ್ಲ. ಅಮ್ಮನ ಹತ್ರ ಹೇಳ್ಬಾರ್ದು. ಯಾವತ್ತಿಗೂ.”

ಸಂಜೆ ಅಮ್ಮ ಸೀಮಂತದ ಹೂವು ಮುಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಬಣ್ಣದ ವಾಸನೆ ಬಂದದ್ದೇ ಅವಳ ಹೆಜ್ಜೆ ಜೋರಾಯಿತು.

“ಇದೆಂಥದ್ದು? ಪುನಃ ಯಾಕೆ ಹೊಡೆದ್ರಿ?”

“ತಪ್ಪು ರಿಮೂವರ್ ತಂದೆ ಮಾರಾಯ್ತಿ. ಈ ಸಲದ್ದು ಬೇರೆ ಡಬ್ಬಿ. ಮರ ಸುಟ್ಟ ಹಾಗೆ ಆಯ್ತು. ಮುಚ್ಚದೆ ಬೇರೆ ದಾರಿ ಇರ್ಲಿಲ್ಲ.”

ಬಣ್ಣದ ವಿಷಯದಲ್ಲಿ ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷ ಬಣ್ಣ ಹೊಡೆದೂ ಯಾವ ಡಬ್ಬಿ ಯಾವುದಕ್ಕೆ ಎಂದು ತಿಳಿಯದ ಗಂಡಸು ಎಂದು ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವಂತೆ ಹೇಳಿದಳು, ಅತ್ತಳು, ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪ ತಲೆ ತಗ್ಗಿಸಿ ಗಂಜಿ ಉಂಡು ಕೆಲಸಕ್ಕೆ ಹೋದರು. ನನಗೆ ಯಾವುದೂ ಅರ್ಥವಾಗಲಿಲ್ಲ. ಡಬ್ಬಿ ಅದೇ, ಮರ ಸುಟ್ಟಿರಲಿಲ್ಲ, ಚೆನ್ನಾಗಿಯೇ ಇತ್ತು. ಹಾಗಾದರೆ ಅಪ್ಪ ಸುಳ್ಳು ಹೇಳಿದ್ದು ಯಾಕೆ? ಸುಮತಿ ಯಾರು? ಅಮ್ಮನಿಗೆ ಸತ್ತುಹೋದ ಅಕ್ಕನೊಬ್ಬಳು ಇದ್ದಳೇ? ಅಜ್ಜನಿಗೆ ಬೇರೊಂದು ಮನೆ ಇತ್ತೇ, ಟಿ.ವಿ. ಧಾರಾವಾಹಿಗಳಲ್ಲಿ ಇರುವಂತೆ? ಶಾಲೆಯಲ್ಲಿ ಗಣಿತದ ಪುಸ್ತಕದ ಹಿಂದೆ ಆ ಹೆಸರನ್ನು ಕನ್ನಡದಲ್ಲಿ ಬರೆದು ಬರೆದು ಅಳಿಸಿದೆ. ಅಮ್ಮನನ್ನು ನೋಡಿದರೆ ಪಾಪ ಎನಿಸುತ್ತಿತ್ತು, ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು, ಮರುಗಳಿಗೆ ತಿರುವುಮುರುವು.

ಅಜ್ಜ ಬಂದರು. ನಾನು ಎಣಿಸಿದ್ದಕ್ಕಿಂತ ಚಿಕ್ಕ ಮನುಷ್ಯ, ಕೈಗಳು ಮಾತ್ರ ದೊಡ್ಡವು. ಕಣ್ಣು ಮಂಜಾಗಿದ್ದರಿಂದ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದರು. ಅಮ್ಮ ಕೈಹಿಡಿದು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಳು. ಅಜ್ಜ ತಾವರೆಯನ್ನು ಸವರಿದರು. ಬದಿಗಳನ್ನು ಸವರಿದರು. ಕೈ ಮುಂಭಾಗಕ್ಕೆ ಬಂದು ನಿಂತಿತು.

“ಇಲ್ಲಿ ಮಾತ್ರ ಬಣ್ಣವಾ?”

“ಕೇಳಿ ನಿಮ್ಮ ಅಳಿಯನನ್ನೇ,” ಎಂದಳು ಅಮ್ಮ. “ತಪ್ಪು ಔಷಧಿ ಹಾಕಿ ಹಾಳು ಮಾಡಿದ್ರು.”

ಅಮ್ಮ ಮೀನು ತರಲು ಕೆಳಗೆ ಇಳಿದ ಮೇಲೆ ಅಜ್ಜ ಗ್ಯಾಲರಿಗೆ ಬಂದು ಅಪ್ಪನ ಪಕ್ಕ ಕೂತರು. ನಾನು ಬಾಗಿಲ ಹತ್ತಿರ ಹೋಮ್‌ವರ್ಕ್ ಮಾಡುವವಳಂತೆ ಕೂತಿದ್ದೆ.

“ನಿಮಗೆ ಹೆಸರು ಕಂಡಿತಾ?” ಅಜ್ಜ ಮೆಲ್ಲನೆ ಕೇಳಿದರು.

“ಕಂಡಿತು ಮಾವ.”

“ನಮ್ಮ ಊರಲ್ಲಿ ಒಬ್ಬರು ಮಗಳ ಮದುವೆಗೆ ಅಂತ ಮಾಡ್ಲಿಕ್ಕೆ ಹೇಳಿದ್ರು. ಕೊನೆಯ ದಿನ ಹೆಸರೂ ಹಾಕಿ ಗೋಣಿ ಮುಚ್ಚಿ ಇಟ್ಟಾಗಿತ್ತು. ಆ ಮದುವೆ ಮುರಿಯಿತು, ಅವರು ಪೆಟ್ಟಿಗೆ ಕೊಂಡುಹೋಗ್ಲಿಲ್ಲ. ಅಷ್ಟರಲ್ಲಿ ವಾರಿಜಳದ್ದು ನಿಶ್ಚಯ ಆಯ್ತು. ಹೊಸತು ಮಾಡ್ಲಿಕ್ಕೆ ನನ್ನ ಹತ್ರ ಮರ ಇರ್ಲಿಲ್ಲ. ಹೆಸರು ಮುಚ್ಚಿ ಕೊಟ್ಟೆ. ಅವಳು ಅದನ್ನು ನೋಡಿ ಎಷ್ಟು ಸಂತೋಷ ಪಟ್ಟಳು ಅಂದ್ರೆ, ಮತ್ತೆ ಹೇಳ್ಲಿಕ್ಕೆ ನಂಗೆ ಬಾಯಿ ಬರ್ಲಿಲ್ಲ. ಇಲ್ಲಿಗೆ ಬರ್ಲಿಕ್ಕೆ ಕೂಡ ಮುಖ ಇರ್ಲಿಲ್ಲ.”

“ಅವಳಿಗೆ ಗೊತ್ತಿಲ್ಲ ಮಾವ. ಗೊತ್ತಾಗೂದೂ ಇಲ್ಲ.”

“ನಿಮಗೆ ಬೈದಳಾ?”

“ಬೈದಳು.”

“ತುಂಬವಾ?”

“ಸ್ವಲ್ಪ ತುಂಬವೇ,” ಎಂದು ಅಪ್ಪ ನಕ್ಕರು. ಅಜ್ಜ ನಗಲಿಲ್ಲ. ತಮ್ಮ ದೊಡ್ಡ ಕೈಯನ್ನು ಅಪ್ಪನ ಮೊಣಕಾಲಿನ ಮೇಲಿಟ್ಟು ಹಾಗೆಯೇ ಕೂತರು, ಅಮ್ಮ ಮೀನಿನ ಚೀಲ ಹಿಡಿದು ಬರುವವರೆಗೂ.

ಎಲ್ಲ ಗೊತ್ತಾಯಿತಲ್ಲ, ಇನ್ನು ಗೊಂದಲ ಯಾಕೆ ಎಂದು ನೀವು ಕೇಳಬಹುದು. ನಿಜ ಹೇಳಬೇಕೆಂದರೆ ನನ್ನ ಗೊಂದಲ ಶುರುವಾದದ್ದೇ ಆಮೇಲೆ. ಅಪ್ಪ ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಅಮ್ಮನ ಪೆಟ್ಟಿಗೆಯ ಬಗ್ಗೆ ಅಮ್ಮನೊಬ್ಬಳನ್ನು ಬಿಟ್ಟು ನಮಗೆಲ್ಲ ಗೊತ್ತಿತ್ತು. ಅದು ನ್ಯಾಯವೇ? ಆದರೆ ಅವಳು ಸುಖವಾಗಿದ್ದಳು. ನಾವು ಕಳವಾ ಬಿಟ್ಟು ವರ್ತಕ ನಗರಕ್ಕೆ ಬಂದೆವು, ಪೆಟ್ಟಿಗೆಯೂ ಬಂತು. ಅಪ್ಪ ಅದಕ್ಕೆ ಮತ್ತೆಂದೂ ಬಣ್ಣ ಹೊಡೆಯಲಿಲ್ಲ. ಮನೆಗೆ ಬಂದವರಿಗೆಲ್ಲ ಅಮ್ಮ ಮೊದಲು ತಾವರೆ ತೋರಿಸುವಳು, ಆಮೇಲೆ ಮರೂನ್ ಹಲಗೆ ತೋರಿಸಿ ತಪ್ಪು ರಿಮೂವರ್ ತಂದ ಗಂಡನ ಕತೆ ಹೇಳುವಳು. ಬಂದವರು ನಗುವರು. ಅಪ್ಪನೂ ಅವರ ಜೊತೆ ಸೇರಿ ನಗುತ್ತಿದ್ದರು. ಗ್ಯಾರೇಜಿನ ಹುಡುಗರ ಮುಂದೆ ಒಮ್ಮೆ ಅವಳು ಅದೇ ಕತೆ ಹೇಳಿದಾಗ ಮಾತ್ರ ಅಪ್ಪನ ಕಿವಿ ಕೆಂಪಾದದ್ದು ಕಂಡು ನನಗೆ ಅಲ್ಲಿಯೇ ಎಲ್ಲವನ್ನೂ ಕಿರುಚಿಬಿಡೋಣ ಎನಿಸಿತ್ತು. ಕಿರುಚಲಿಲ್ಲ. ಕಣ್ಣಿನ ಆಪರೇಶನ್ ಮುಗಿಸಿ ಊರಿಗೆ ಹೋದ ಅಜ್ಜ ಅಲ್ಲಿಯೇ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಅಪ್ಪನೂ ಹೋದರು. ಆ ಮೂರು ಅಕ್ಷರ ಓದಿದವಳು ನಾನೊಬ್ಬಳೇ ಉಳಿದೆ.

ನಾನು ನವಿ ಮುಂಬಯಿಯಲ್ಲಿ ಮನೆ ಮಾಡಿದಾಗ ಅಮ್ಮ ಪೆಟ್ಟಿಗೆಯನ್ನು ನನಗೆ ಕೊಟ್ಟಳು. ಈಗ ಒಳ್ಳೊಳ್ಳೆಯ ರಿಮೂವರ್ ಬಂದಿದೆಯಂತೆ, ವಾಸನೆ ಸಹ ಇಲ್ಲವಂತೆ, ಆ ಹಲಗೆ ಒಂದನ್ನು ಸರಿಮಾಡಿಸು, ಸುಟ್ಟ ಮರವಾದರೂ ಸರಿ, ನನ್ನ ಅಪ್ಪನ ಮರ ನೋಡಬೇಕು ಎಂದಳು. ಫೋನಿನಲ್ಲೂ ಅದೇ ಮಾತು. ನಾನು ತಿಂಗಳುಗಟ್ಟಲೆ ಯೋಚಿಸಿದೆ. ಅಪ್ಪನ ಮೇಲಿನ ಕಳಂಕ ಹೋಗಲಿ, ಅವರು ತಪ್ಪು ಮಾಡಿದವರಲ್ಲ ಎಂದು ಅಮ್ಮ ಒಮ್ಮೆಯಾದರೂ ತಿಳಿಯಲಿ ಎಂದು ತೀರ್ಮಾನಿಸಿ, ಅಂಗಡಿಗೆ ಹೋಗಿ ಮರಕ್ಕೂ ಗಾಡಿಗೂ ಎರಡಕ್ಕೂ ಆಗುವ ರಿಮೂವರ್ ತಂದೆ. ಅಮ್ಮನನ್ನೂ ಕರೆಸಿದೆ. ಅವಳ ಎದುರಿಗೇ ಬಣ್ಣ ತೆಗೆದು ಎಲ್ಲ ಹೇಳಿಬಿಡುವುದೆಂದು.

ಅವಳು ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ಹೋಗಿ ಪೆಟ್ಟಿಗೆಯ ಮೇಲೆ ಕೂತಳು. ನನ್ನ ನಾಲ್ಕು ವರ್ಷದ ಮಗಳು ಅವಳ ಮಡಿಲಿಗೆ ಹತ್ತಿದಳು. ಅಮ್ಮ ಆ ಪುಟ್ಟ ಬೆರಳು ಹಿಡಿದು ತಾವರೆಯ ದಳಗಳ ಮೇಲೆ ಓಡಿಸುತ್ತಾ ಹೇಳಿದಳು:

“ಇದನ್ನು ಯಾರು ಮಾಡಿದ್ದು ಗೊತ್ತುಂಟಾ? ನನ್ನ ಅಪ್ಪ. ನಂಗೆ ಅಂತ. ನಂಗೊಬ್ಬಳಿಗೇ ಅಂತ.”

ಅಡುಗೆಮನೆಯ ಬಾಗಿಲಲ್ಲಿ ನಾನು ಡಬ್ಬಿ ಹಿಡಿದು ನಿಂತಿದ್ದೆ. ಅವಳು ನೋಡುವ ಮೊದಲು ಅದನ್ನು ಸಿಂಕಿನ ಕೆಳಗೆ ತಳ್ಳಿದೆ.

“ಎಲ್ಲಿ, ತಂದೆಯಾ ರಿಮೂವರ್?” ಎಂದು ಕೂಗಿದಳು ಅಮ್ಮ.

“ಇಲ್ಲಮ್ಮ. ಅಂಗಡಿಯಲ್ಲಿ ಹತ್ತು ಬಗೆ ಉಂಟು. ಯಾವುದು ತರ್ಬೇಕು ಅಂತ ನಂಗೆ ಗೊತ್ತಾಗ್ಲಿಲ್ಲ.”

“ಗೊತ್ತಾಗ್ಲಿಲ್ವಾ! ಅಪ್ಪನದ್ದೇ ತಲೆ ನಿಂದು. ಇಬ್ರಿಗೂ ಒಂದು ಡಬ್ಬಿ ನೋಡಿ ತರ್ಲಿಕ್ಕೆ ಬರೂದಿಲ್ಲ,” ಎಂದು ಅವಳು ಬೈಯತೊಡಗಿದಳು. ನಾನು ಚಾಕ್ಕೆ ನೀರಿಟ್ಟು, ಒಲೆಯ ಮುಂದೆ ನಿಂತು, ಪೂರ್ತಿ ಕೇಳಿಸಿಕೊಂಡೆ.